ಬೇಸಿಗೆಯ ಉಡುಗೆ ಮತ್ತು ತತ್ಸುಖದ ಪ್ರಶ್ನೆ

ಉಡುವುದು, ಉಡದಿರುವುದು, ಎಷ್ಟು ಉಡುವುದು ಎಂಬ ವಿಷಯದಲ್ಲಿ ಭಾರತದ ಧರ್ಮಗಳು ಎರಡೂವರೆ ಸಾವಿರ ವರ್ಷಗಳಿಂದ ನಡೆಸಿಕೊಂಡು ಬಂದಿರುವ ವಾದಗಳೆಲ್ಲ ಬಿಸಿಲಿನ ನಾಡೊಂದರಲ್ಲಿ ಹುಟ್ಟಿದವು ಎಂಬುದು ವಿದ್ವಾಂಸರ ಚರ್ಚೆಯಲ್ಲಿ ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಹಿಮ ಸುರಿಯುವ ಸೀಮೆಯಲ್ಲಿ ಬಟ್ಟೆ ಏಕೆ ಎಂಬ ಪ್ರಶ್ನೆಗೆ ಚಳಿಯೇ ಉತ್ತರ ಹೇಳಿಬಿಡುತ್ತದೆ. ಅದಕ್ಕೆ ತತ್ತ್ವಜ್ಞಾನಿಯ ನೆರವು ಬೇಕಾಗುವುದಿಲ್ಲ. ಆದರೆ ವರ್ಷದ ಬಹುಪಾಲು ದಿನಗಳಲ್ಲಿ ಮೈಯನ್ನು ಬೆಚ್ಚಗಿಡುವ ಅಗತ್ಯವೇ ಇಲ್ಲದ ದಕ್ಷಿಣಾಪಥದಂಥ ಪ್ರದೇಶದಲ್ಲಿ ಉಟ್ಟ ಒಂದೊಂದು ತುಂಡು ಬಟ್ಟೆಯೂ ತನ್ನ ಇರವಿಗೆ ಬೇರೊಂದು ಕಾರಣವನ್ನು ಕೊಡಬೇಕಾಗುತ್ತದೆ, ಮತ್ತು ಆ ಕಾರಣ ಲಜ್ಜೆಯೋ, ಅಂತಸ್ತೋ, ಆಚಾರವೋ, ಅಂದವೋ, ಅಥವಾ ಬಿಸಿಲಿನಿಂದ ರಕ್ಷಣೆಯೋ ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ. ಬೇಸಿಗೆಯಲ್ಲಿ ಹಿತವಾಗಿಯೂ ಚೆಲುವಾಗಿಯೂ ಉಡಬೇಕೆಂಬ ಬಯಕೆ ಧರ್ಮಕ್ಕೆ ಅಡ್ಡಿಯೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಿದರೂ, ಅದರ ಬೆನ್ನು ಹತ್ತಿ ಹೋದವರಿಗೆ ದೇಹ, ಸುಖ, ಪರರ ನೋಟ ಎಂಬ ಮೂರು ದೊಡ್ಡ ಸಮಸ್ಯೆಗಳು ಎದುರಾಗುತ್ತವೆ.

ಈ ಪ್ರಶ್ನೆಗೆ ಅತ್ಯಂತ ಕಟುವಾದ ಉತ್ತರ ಕೊಟ್ಟವರು ದಿಗಂಬರ ಜೈನರು. ಅವರ ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ, ಅಂದರೆ ಮುನಿಯಾದವನು ಬಿಡದೆ ಪಾಲಿಸಬೇಕಾದ ಕಟ್ಟುಪಾಡುಗಳಲ್ಲಿ, ಅಚೇಲಕತ್ವ ಅಥವಾ ವಸ್ತ್ರವಿಲ್ಲದಿರುವಿಕೆ ಒಂದು. ಬಿಸಿಲಿನ ನಾಡಿನಲ್ಲಿ ಬೆತ್ತಲಿರುವುದು ತಂಪಾದ ಸುಖವೇ ಅಲ್ಲವೇ ಎಂದು ಲಘುವಾಗಿ ಕೇಳುವವರು ಉಂಟು. ಅವರಿಗೆ ಉತ್ತರ ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದಲ್ಲಿದೆ. ಅಲ್ಲಿ ಮುನಿಯು ಕದಲದೆ ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳನ್ನು, ಅಂದರೆ ಹಸಿವು ಬಾಯಾರಿಕೆಗಳಿಂದ ಮೊದಲಾಗುವ ತೊಡಕುಗಳನ್ನು, ಎಣಿಸುವಾಗ ಶೀತ, ಉಷ್ಣ, ನೊಣ ಸೊಳ್ಳೆಗಳ ಕಡಿತ ಮತ್ತು ನಗ್ನತೆ ಎಂಬಿವುಗಳನ್ನು ಬೇರೆ ಬೇರೆಯಾಗಿಯೇ ಹೆಸರಿಸಲಾಗಿದೆ. ಸೆಕೆ ಒಂದು ಕಷ್ಟ, ಬೆತ್ತಲೆ ಇನ್ನೊಂದು ಕಷ್ಟ. ಒಂದು ಇನ್ನೊಂದಕ್ಕೆ ಪರಿಹಾರವಲ್ಲ. ಮೈ ಮುಚ್ಚಿಲ್ಲದವನ ಚರ್ಮಕ್ಕೆ ಬಿಸಿಲು ನೇರವಾಗಿ ತಾಗುತ್ತದೆಯೆಂಬುದನ್ನು ವೈಶಾಖದ ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ವಿಹಾರ ಮಾಡುವ ಮುನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೀಗಾಗಿ ದಿಗಂಬರತ್ವವನ್ನು ಹವಾಮಾನಕ್ಕೆ ಹೊಂದಿಕೊಂಡ ಉಡುಗೆಯೆಂದು ವಿವರಿಸುವ ಪ್ರಯತ್ನ ಆ ಮತದ ಒಳಗಿನ ತರ್ಕವನ್ನೇ ತಪ್ಪಾಗಿ ತಿಳಿದ ಪ್ರಯತ್ನವಾಗುತ್ತದೆ.

ಅದೇ ಗ್ರಂಥ ಪರಿಗ್ರಹವನ್ನು, ಅಂದರೆ ಒಡೆತನವನ್ನು, ಮೂರ್ಛೆಯೆಂದು ವಿವರಿಸುತ್ತದೆ. ವಸ್ತುವೊಂದರಲ್ಲಿ ಮೈಮರೆತು ಅಂಟಿಕೊಳ್ಳುವ ಮನಸ್ಸಿನ ಸ್ಥಿತಿಯೇ ಇಲ್ಲಿ ಮೂರ್ಛೆ. ಈ ವಿವರಣೆಯನ್ನು ಎರಡೂ ಜೈನ ಪಂಥಗಳು ಒಪ್ಪುತ್ತವೆಯಾದರೂ ಅದರಿಂದ ಹೊರಡುವ ದಾರಿಗಳು ಬೇರೆಯಾಗಿವೆ. ಒಡೆತನ ಮನಸ್ಸಿನದಾದರೆ ಬಿಳಿಯ ಬಟ್ಟೆಯೊಂದು ಮೋಕ್ಷಕ್ಕೆ ಅಡ್ಡಿಯಾಗದು ಎಂದು ಶ್ವೇತಾಂಬರರು ವಾದಿಸಿದರೆ, ಬಟ್ಟೆಯಿದ್ದ ಮೇಲೆ ಅದನ್ನು ಬೇಡುವುದು, ಒಗೆಯುವುದು, ಕಾಯುವುದು, ಹರಿದಾಗ ಮರುಗುವುದು ಬೆನ್ನ ಹಿಂದೆಯೇ ಬರುತ್ತವೆ ಎಂದು ದಿಗಂಬರರು ಮರುನುಡಿದರು. ಶತಮಾನಗಳ ಕಾಲ ಕರ್ನಾಟಕದಲ್ಲಿ ನೆಲೆಯೂರಿದ್ದು ಈಗ ಅಳಿದುಹೋಗಿರುವ ಯಾಪನೀಯ ಸಂಘ ಇವೆರಡರ ನಡುವೆ ವಿಶಿಷ್ಟವಾದ ನಿಲುವು ತಳೆಯಿತು: ಅದರ ಮುನಿಗಳು ದಿಗಂಬರರಂತೆ ಬೆತ್ತಲಿದ್ದರು, ಆದರೆ ವಸ್ತ್ರ ಬಿಡಲಾಗದ ಸ್ತ್ರೀಯರಿಗೂ ಅದೇ ಜನ್ಮದಲ್ಲಿ ಮುಕ್ತಿಯುಂಟೆಂದು ಶ್ವೇತಾಂಬರರಂತೆ ನಂಬಿದರು. ತಮಗೆ ಕಠಿಣವಾದ ನಿಯಮವನ್ನು ಇಟ್ಟುಕೊಂಡು ಇತರರನ್ನು ಅದರಿಂದಲೇ ಅಳೆಯದಿದ್ದ ಈ ನಿಲುವಿಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಬುದ್ಧನ ದಾರಿ ಇದಕ್ಕಿಂತ ಬೇರೆ. ಭಿಕ್ಷುಗಳ ನಡವಳಿಕೆಯ ಸಂಹಿತೆಯಾದ ವಿನಯಪಿಟಕದ ‘ಮಹಾವಗ್ಗ’ದಲ್ಲಿ ಚೀವರಕ್ಕೆ, ಅಂದರೆ ಭಿಕ್ಷುವಿನ ಬಟ್ಟೆಗೆ, ಒಂದು ಇಡೀ ಅಧ್ಯಾಯ ಮೀಸಲಾಗಿದೆ. ಭಿಕ್ಷುಗಳು ಬಟ್ಟೆಯ ಗಂಟುಗಳನ್ನು ತಲೆ, ಹೆಗಲು, ಸೊಂಟಗಳ ಮೇಲೆ ಹೊತ್ತು ನಡೆಯುವುದನ್ನು ಕಂಡ ಬುದ್ಧನು ಎಷ್ಟು ಬಟ್ಟೆ ಸಾಕೆಂದು ಗ್ರಂಥ ತೆರೆದು ನೋಡಲಿಲ್ಲ. ಮಾಗಿಯ ಹಿಮ ಬೀಳುವ ರಾತ್ರಿಯಲ್ಲಿ ವೈಶಾಲಿಯ ಬಳಿ ಬಯಲಿನಲ್ಲಿ ಕುಳಿತು, ಒಂದೊಂದು ಜಾವಕ್ಕೂ ಚಳಿ ಹೆಚ್ಚಿದಂತೆ ಒಂದೊಂದು ಹೊದಿಕೆ ಸೇರಿಸುತ್ತ ಹೋಗಿ, ಬೆಳಗಾಗುವ ಹೊತ್ತಿಗೆ ನಾಲ್ಕು ಪದರ ಸಾಕಾಯಿತೆಂದು ತನ್ನ ಮೈಯಿಂದಲೇ ಅರಿತನು. ಎರಡು ಪದರದ ಸಂಘಾಟಿ, ಒಂದು ಪದರದ ಮೇಲ್ವಸ್ತ್ರ, ಒಂದು ಪದರದ ಒಳ ಉಡುಗೆ ಎಂಬ ತ್ರಿಚೀವರದ ನಿಯಮ ಹುಟ್ಟಿದ್ದು ಹೀಗೆ. ನಿಯಮ ಮಾಡುವವನು ಮೊದಲು ತನ್ನ ದೇಹದ ಮೇಲೆ ಅದನ್ನು ಪರೀಕ್ಷಿಸಿದ ಈ ಪ್ರಸಂಗ ಧರ್ಮಶಾಸ್ತ್ರಗಳ ಇತಿಹಾಸದಲ್ಲಿ ಅಪರೂಪದ್ದು. ತ್ರಿಚೀವರ ಚಳಿಯ ಲೆಕ್ಕದಿಂದ ಬಂದ ಗರಿಷ್ಠ ಮಿತಿಯೇ ಹೊರತು ಸೆಕೆಯಲ್ಲಿಯೂ ಮೂರನ್ನೂ ಹೊದ್ದು ಬೇಯಬೇಕೆಂಬ ವಿಧಿಯಲ್ಲ. ಋತುವಿಗೆ ತಕ್ಕ ಬಟ್ಟೆಗೂ ಅಲ್ಲಿ ಅವಕಾಶವಿತ್ತು: ಮಳೆಯಲ್ಲಿ ಬೆತ್ತಲೆಯಾಗಿ ಮೀಯುತ್ತಿದ್ದ ಭಿಕ್ಷುಗಳನ್ನು ಕಂಡು ದಾಸಿಯೊಬ್ಬಳು ಅವರನ್ನು ಆಜೀವಕರೆಂಬ ಬೆತ್ತಲೆ ಸನ್ಯಾಸಿಗಳೆಂದು ತಪ್ಪು ತಿಳಿದ ಮೇಲೆ, ಉಪಾಸಿಕೆ ವಿಶಾಖೆ ಸಂಘಕ್ಕೆ ಮಳೆಗಾಲದ ಸ್ನಾನವಸ್ತ್ರ ದಾನ ಮಾಡುವ ವರವನ್ನು ಕೇಳಿ ಪಡೆದಳು, ಮತ್ತು ಆ ಬಟ್ಟೆಯನ್ನು ಗ್ರೀಷ್ಮದ ಕೊನೆಯ ತಿಂಗಳಿನಿಂದ ಅರಸಿಕೊಳ್ಳಬಹುದೆಂದು ನಿಯಮವಾಯಿತು.

ಚೆಲುವಿನ ಪ್ರಶ್ನೆಯನ್ನೂ ಅದೇ ಅಧ್ಯಾಯ ಕುತೂಹಲಕರವಾಗಿ ಮುಟ್ಟುತ್ತದೆ. ಬದುಗಳಿಂದ ಗೆರೆ ಕೊರೆದಂತಿದ್ದ ಮಗಧದ ಗದ್ದೆಗಳನ್ನು ತೋರಿಸಿ, ಅದೇ ಮಾದರಿಯಲ್ಲಿ ಚೀವರವನ್ನು ಜೋಡಿಸಬಲ್ಲೆಯಾ ಎಂದು ಬುದ್ಧನು ಆನಂದನನ್ನು ಕೇಳಿದ, ಆನಂದನು ತುಂಡುಗಳನ್ನು ಹೊಲಿದು ತಂದಾಗ ಅವನ ಜಾಣ್ಮೆಯನ್ನು ಮೆಚ್ಚಿದ. ತುಂಡರಿಸಿದ ಬಟ್ಟೆಗೆ ಪೇಟೆಯಲ್ಲಿ ಬೆಲೆಯಿಲ್ಲ, ಅದರ ಮೇಲೆ ಯಾರಿಗೂ ಆಸೆ ಹುಟ್ಟುವುದಿಲ್ಲ. ಹಾಗಿದ್ದೂ ಅದರ ವಿನ್ಯಾಸ ಕಣ್ಣಿಗೆ ಹಿತವಾಗಿದೆ, ಮತ್ತು ಇಂದಿಗೂ ಶ್ರೀಲಂಕಾದಿಂದ ಬೈಲಕುಪ್ಪೆಯವರೆಗೆ ಭಿಕ್ಷುಗಳ ಮೇಲ್ವಸ್ತ್ರಗಳಲ್ಲಿ ಆ ಗದ್ದೆಯ ಗೆರೆಗಳು ಉಳಿದಿವೆ. ವಿರಕ್ತನ ಬಟ್ಟೆ ವಿಕಾರವಾಗಿರಲೇಬೇಕೆಂದು ಬುದ್ಧನಿಗೆ ಅನ್ನಿಸಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಈ ಚರ್ಚೆ ಅಕ್ಕಮಹಾದೇವಿಯ ಸುತ್ತ ಮತ್ತೆ ಹೊತ್ತಿಕೊಂಡಿತು. ಉಟ್ಟುದನ್ನು ಬಿಟ್ಟು ಕೇಶವನ್ನೇ ಹೊದಿಕೆಯಾಗಿಸಿಕೊಂಡು ಕಲ್ಯಾಣಕ್ಕೆ ಬಂದ ಆಕೆಯನ್ನು, ಬಿಟ್ಟಿದ್ದು ನಿಜವಾದರೆ ಕೂದಲಿನ ಮರೆಯೇಕೆ ಎಂದು ಅಲ್ಲಮಪ್ರಭು ಪ್ರಶ್ನಿಸುವ ಪ್ರಸಂಗ ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ ‘ಶೂನ್ಯಸಂಪಾದನೆ’ಯ ಪರಂಪರೆಯಲ್ಲಿ ಉಳಿದುಬಂದಿದೆ. ಅಕ್ಕನ ಉತ್ತರದ ತಾತ್ಪರ್ಯವನ್ನು ವಿದ್ವಾಂಸರು ಬಹುವಾಗಿ ವೈರಾಗ್ಯದ ಕಡೆಯಿಂದ ಓದಿದ್ದಾರೆ. ಆದರೆ ಅದರಲ್ಲಿ ಇನ್ನೊಂದು ಎಳೆಯೂ ಇದೆ. ಆಕೆ ಮರೆಮಾಡಿಕೊಂಡದ್ದು ತನ್ನ ಲಜ್ಜೆಗಾಗಿಯಲ್ಲ, ನೋಡುವವರಿಗೆ ನೋವಾದೀತೆಂಬ ಕಾರಣಕ್ಕಾಗಿ. ತನ್ನ ದೇಹದ ಮಟ್ಟಿಗೆ ಹೊದಿಕೆಯ ಹಂಗು ಹರಿದಿದ್ದರೂ ಎದುರಿಗಿರುವವನ ಹಿತದ ಹಂಗು ಉಳಿದಿದೆ ಎಂಬ ಈ ಮಾತು ಉಡುಗೆಯ ಚರ್ಚೆಯನ್ನು ‘ನನ್ನ ಸುಖ’ದಿಂದ ‘ಪರರ ಸುಖ’ಕ್ಕೆ ಹೊರಳಿಸುತ್ತದೆ, ಮತ್ತು ಆ ಹೊರಳಿಕೆ ಪೂರ್ಣ ರೂಪ ಪಡೆದದ್ದನ್ನು ಕಾಣಬೇಕಾದರೆ ವೈರಾಗ್ಯದ ಮತಗಳನ್ನು ಬಿಟ್ಟು, ಅವುಗಳಿಗೆ ತೀರ ವಿರುದ್ಧವೆನಿಸುವ ಒಂದು ಭಕ್ತಿಪಂಥಕ್ಕೆ ಬರಬೇಕು.

ವಲ್ಲಭಾಚಾರ್ಯರು (1479–1530) ಸ್ಥಾಪಿಸಿದ ಪುಷ್ಟಿಮಾರ್ಗ ಗುಜರಾತ್, ರಾಜಸ್ಥಾನಗಳಲ್ಲಿ ಬೇರೂರಿದ ಕೃಷ್ಣಭಕ್ತಿಯ ಪಂಥ. ಭಗವಂತನ ಅನುಗ್ರಹವೇ ಇಲ್ಲಿ ‘ಪುಷ್ಟಿ’. ತೆಲುಗು ಮನೆತನದ ಈ ಆಚಾರ್ಯರಿಗೆ ವಿಜಯನಗರದಲ್ಲಿ ಕೃಷ್ಣದೇವರಾಯನಿಂದ ಕನಕಾಭಿಷೇಕವಾಯಿತೆಂದು ಪಂಥದ ಐತಿಹ್ಯ ಹೇಳುತ್ತದೆ. ವಲ್ಲಭರ ಮಗ ವಿಠ್ಠಲನಾಥರ ಕಾಲದಲ್ಲಿ ಈ ಪಂಥದ ಪೂಜೆ ರಾಗ, ಭೋಗ, ಶೃಂಗಾರ ಎಂಬ ಮೂರು ಅಂಗಗಳಾಗಿ ಬೆಳೆಯಿತು: ರಾಗವೆಂದರೆ ಹಾಡು, ಭೋಗವೆಂದರೆ ನೈವೇದ್ಯ, ಶೃಂಗಾರವೆಂದರೆ ದೇವರ ಉಡುಗೆ ತೊಡುಗೆ. ಪಂಥದವರು ಅದನ್ನು ಪೂಜೆಯೆಂದು ಕರೆಯುವುದೂ ಇಲ್ಲ, ಸೇವೆಯೆನ್ನುತ್ತಾರೆ. 1672ರಲ್ಲಿ ವ್ರಜಭೂಮಿಯಿಂದ ಮೇವಾಡಕ್ಕೆ ಬಂದು ನೆಲೆಸಿದ ಶ್ರೀನಾಥಜಿ ಎಂಬ ಕೃಷ್ಣಮೂರ್ತಿಯ ಕ್ಷೇತ್ರವಾದ ನಾಥದ್ವಾರದಲ್ಲಿ ದೇವರು ಏಳು ವರ್ಷದ ಬಾಲಕ. ಮಂಗಳದಿಂದ ಶಯನದವರೆಗೆ ದಿನಕ್ಕೆ ಎಂಟು ದರ್ಶನಗಳು, ಮತ್ತು ಅವನ ಉಡುಗೆ ಪಂಚಾಂಗಕ್ಕಷ್ಟೇ ಅಲ್ಲದೆ ಹವೆಗೂ ಬದ್ಧ.

ರಾಜಸ್ಥಾನದ ಮಾಗಿಯಲ್ಲಿ ಈ ಬಾಲಕನಿಗೆ ಹತ್ತಿ ತುಂಬಿದ ದಪ್ಪ ಅಂಗಿ, ಜರಿಯ ಬಟ್ಟೆ, ಎದುರಿಗೆ ಕೆಂಡದ ಅಗ್ಗಿಷ್ಟಿಕೆ. ಅಕ್ಷಯ ತದಿಗೆಯ ಹೊತ್ತಿಗೆ ಎಲ್ಲವೂ ಬದಲಾಗುತ್ತದೆ. ದಪ್ಪ ಬಟ್ಟೆಗಳು ಹೋಗಿ ಬಿಳಿಯ ಮತ್ತು ತಿಳಿಬಣ್ಣದ ತೆಳು ಮಲ್‌ಮಲ್ ಬರುತ್ತದೆ, ಮೈ ಮುಚ್ಚುವ ಅಂಗಿಗಳ ಬದಲಿಗೆ ಸೊಂಟಕ್ಕೆ ಸುತ್ತುವ ಹಗುರ ಉಡುಗೆಗಳು ಬರುತ್ತವೆ, ಭಾರವಾದ ಚಿನ್ನ ಮತ್ತು ರತ್ನಗಳ ಜಾಗದಲ್ಲಿ ಮುತ್ತಿನ ಆಭರಣಗಳು, ಕೆಲವು ದಿನಗಳಲ್ಲಂತೂ ದುಂಡುಮಲ್ಲಿಗೆಯ ಮೊಗ್ಗುಗಳಿಂದಲೇ ಕಟ್ಟಿದ ಕಿರೀಟ ಕಡಗಗಳು ಬರುತ್ತವೆ. ಮೈಗೆ ಗಂಧ ಪೂಸುತ್ತಾರೆ, ಗಾಳಿ ಬರುವ ಕಡೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಾರೆ, ದೇವರ ಹಿಂದೆ ತೂಗುಬಿಡುವ ಪಿಛವಾಯಿ ಎಂಬ ಚಿತ್ರಪಟದಲ್ಲಿ ತಾವರೆಗಳು ಅರಳುತ್ತವೆ. ಇವೆಲ್ಲದರ ಹಿಂದಿರುವ ತತ್ತ್ವಕ್ಕೆ ಪಂಥದಲ್ಲಿ ‘ತತ್ಸುಖ’ ಎಂದು ಹೆಸರು: ಸೇವೆ ಮಾಡುವವನು ತನ್ನ ಪುಣ್ಯವನ್ನಾಗಲಿ ಮೋಕ್ಷವನ್ನಾಗಲಿ ಲೆಕ್ಕಿಸದೆ, ಅವನಿಗೆ ಯಾವುದು ಸುಖ ಎಂಬುದೊಂದನ್ನೇ ಕೇಳಿಕೊಳ್ಳಬೇಕು. ದೇವರಿಗೆ ಇಂದು ಸೆಕೆಯೇ, ಈ ಹಾರ ಕುತ್ತಿಗೆಗೆ ಭಾರವೇ, ಈ ಬಣ್ಣ ಮಧ್ಯಾಹ್ನದ ಕಣ್ಣಿಗೆ ತಂಪೇ ಎಂದು ಯೋಚಿಸುವುದೇ ಅಲ್ಲಿ ಧ್ಯಾನ. ಮಾಧ್ವ ಪರಂಪರೆಯವರು ಅದೇ ಅಕ್ಷಯ ತದಿಗೆಯಂದು ಗುರುಗಳ ವೃಂದಾವನಗಳಿಗೆ ಮಾಡುವ ಗಂಧಲೇಪನವನ್ನು ಬಲ್ಲ ಕನ್ನಡಿಗರಿಗೆ ಈ ಮನೋಧರ್ಮ ಪೂರ್ತಿ ಅಪರಿಚಿತವೇನಲ್ಲ.

ಕಲ್ಲಿನ ಮೂರ್ತಿಗೆ ಸೆಕೆಯೆಂಥದು ಎಂದು ನಗುವುದು ಸುಲಭ. ಮೂರ್ತಿ ಕಲ್ಲೆಂದು ಭಾವಿಸದವನ ಮುಂದೆ ಆ ನಗೆ ಉಪಯೋಗಕ್ಕೆ ಬರುವುದಿಲ್ಲ. ನಾಥದ್ವಾರದ ಸೇವೆಯಲ್ಲಿ ಸಂಪತ್ತಿನ ಮೆರೆದಾಟವೂ ಬೆರೆತಿದೆ, ಆ ಮುತ್ತುಗಳನ್ನು ಕೊಟ್ಟವರು ಬಡವರಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚಿನ ತೂಕವಿದೆ. ಹಾಗಿದ್ದರೂ ತತ್ತ್ವದ ದೃಷ್ಟಿಯಿಂದ ಅಲ್ಲಿ ಎರಡು ಸಂಗತಿಗಳು ಸ್ಥಾಪಿತವಾದವು. ಹಿತ ಮತ್ತು ಚೆಲುವು ಒಂದನ್ನೊಂದು ತಿನ್ನುವ ವೈರಿಗಳಲ್ಲ, ಬೇಸಿಗೆಯ ಅಲಂಕಾರ ಹಗುರವಾದಷ್ಟೂ ಚೆಲುವಾಗಬಲ್ಲದು ಎಂಬುದು ಒಂದು. ಇನ್ನೊಂದು ಹೆಚ್ಚು ಮುಖ್ಯವಾದುದು: ಸ್ವಂತ ದೇಹದ ಸುಖವನ್ನು ಸಂಶಯದಿಂದ ಕಾಣುವ ಧರ್ಮವೂ ಪರದೇಹದ ಸುಖವನ್ನು ಹಾಗೆ ಕಾಣಬೇಕಾಗಿಲ್ಲ. ಉಷ್ಣಪರೀಷಹವನ್ನು ಮುನಿ ತಾನು ಸಹಿಸಬಹುದು. ಅದನ್ನು ಇನ್ನೊಬ್ಬರ ಮೇಲೆ ಹೇರಿದರೆ ಅದು ತಪಸ್ಸಾಗದೆ ಹಿಂಸೆಯಾಗುತ್ತದೆ.

ಹಿತವೆಂದರೆ ಏನು ಎಂಬುದನ್ನು ದೇಹದ ಕಡೆಯಿಂದಲೂ ಒಂದಿಷ್ಟು ಸ್ಪಷ್ಟಪಡಿಸಿಕೊಳ್ಳಬೇಕು. ಸುತ್ತಲ ಗಾಳಿ ಮೈಗಿಂತ ಬಿಸಿಯಾದಾಗ ಮನುಷ್ಯನಿಗೆ ಉಳಿಯುವ ತಂಪಿನ ದಾರಿ ಬೆವರು ಆವಿಯಾಗುವುದೊಂದೇ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಮೈಯಿಂದ ಹೊತ್ತೊಯ್ಯುತ್ತದೆ. ಆದ್ದರಿಂದ ಬೆವರನ್ನು ಹೀರಿ ಗಾಳಿಗೆ ಬಿಡುವ ಹತ್ತಿ, ಮೈಗೂ ಬಟ್ಟೆಗೂ ನಡುವೆ ಗಾಳಿ ಆಡಲು ಬಿಡುವ ಸಡಿಲವಾದ ಹೊಲಿಗೆ ಹಿತವೆನಿಸುತ್ತವೆ. ಇಲ್ಲಿ ಬಣ್ಣಕ್ಕಿಂತ ಸಡಿಲತೆಯ ಪಾತ್ರ ದೊಡ್ಡದು: ಮರುಭೂಮಿಯ ಬೆದೂಯಿನ್ ಜನ ಕಪ್ಪು ನಿಲುವಂಗಿ ತೊಡುವುದೇಕೆಂದು ವಿಜ್ಞಾನಿಗಳು ನಡೆಸಿ 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಪ್ಪು ಬಟ್ಟೆ ಹೆಚ್ಚು ಬಿಸಿಲು ಹೀರಿದರೂ ಆ ಶಾಖ ಮೈ ಮುಟ್ಟುವ ಮೊದಲೇ ಸಡಿಲ ಅಂಗಿಯೊಳಗಿನ ಗಾಳಿಯೊಡನೆ ಹೊರಟುಹೋಗುತ್ತದೆ, ಬಿಳಿ ಅಂಗಿ ತೊಟ್ಟವನಿಗೂ ಕಪ್ಪು ಅಂಗಿ ತೊಟ್ಟವನಿಗೂ ಮೈಗೆ ತಟ್ಟುವ ಶಾಖ ಒಂದೇ ಎಂದು ಕಂಡುಬಂದಿತು. ಬೇಸಿಗೆಯ ಹಿತಕ್ಕೆ ಮೈ ಬಿಡುವುದೇ ದಾರಿಯಲ್ಲ, ಮೈ ಮುಚ್ಚುವುದೇ ಅಡ್ಡಿಯೂ ಅಲ್ಲ.

ಈ ಮಾತನ್ನು ಒತ್ತಿ ಹೇಳಬೇಕಾದ ಕಾರಣ ಇತಿಹಾಸದಲ್ಲಿದೆ. ತಿರುವಾಂಕೂರಿನಲ್ಲಿ ಮೇಲ್ಜಾತಿಯವರ ಮುಂದೆ ಎದೆ ಮುಚ್ಚದಿರುವುದನ್ನು ಕೆಳಜಾತಿಯವರ ಮರ್ಯಾದೆಯ ಗುರುತೆಂದು ಹೇರಲಾಗಿತ್ತು. ನಾಡಾರ್ ಹೆಣ್ಣುಮಕ್ಕಳು ಅದರ ವಿರುದ್ಧ ದಶಕಗಳ ಕಾಲ ಹೋರಾಡಿ, ಏಟು ತಿಂದು, 1859ರ ಜುಲೈ 26ರ ರಾಜಾಜ್ಞೆಯಲ್ಲಿ ಎದೆ ಮುಚ್ಚುವ ಹಕ್ಕನ್ನು, ಅದೂ ಮೇಲ್ಜಾತಿಯವರ ರೀತಿಯಲ್ಲಿ ಉಡಬಾರದೆಂಬ ಷರತ್ತಿನೊಂದಿಗೆ, ಪಡೆದರು. ಬಿಸಿಲಿನ ನಾಡಲ್ಲವೇ, ಮೇಲ್ವಸ್ತ್ರವೇಕೆ ಎಂಬ ತರ್ಕ ಇಲ್ಲಿ ಎಷ್ಟು ಕ್ರೂರವಾಗಬಲ್ಲದೆಂಬುದನ್ನು ವಿವರಿಸಬೇಕಾಗಿಲ್ಲ. ಕೇರಳದ ದೇವಾಲಯಗಳಲ್ಲಿ, ಉಡುಪಿ ಮತ್ತು ಧರ್ಮಸ್ಥಳದಂಥ ಕ್ಷೇತ್ರಗಳಲ್ಲಿ ಗಂಡಸರು ಅಂಗಿ ತೆಗೆದು ಒಳಹೋಗುವ ಪದ್ಧತಿಯೂ ಇಂಥದೇ ಚರ್ಚೆಗೆ ಒಳಗಾಗಿದೆ. ಅದನ್ನು ದೇವರ ಮುಂದಿನ ವಿನಯವೆಂದು ಕೆಲವರು ಸಮರ್ಥಿಸಿದರೆ, ಜನಿವಾರವಿದೆಯೇ ಎಂದು ನೋಡಲು ಹುಟ್ಟಿದ ಪದ್ಧತಿಯದು, ನಿಲ್ಲಬೇಕು ಎಂದು ನಾರಾಯಣ ಗುರುಗಳ ಶಿವಗಿರಿ ಮಠದ ಸ್ವಾಮಿ ಸಚ್ಚಿದಾನಂದರು 2024ರ ಡಿಸೆಂಬರ್ ಕೊನೆಯಲ್ಲಿ ಬಹಿರಂಗವಾಗಿ ಹೇಳಿದರು. ಬರಿಮೈ ವೈಶಾಖದಲ್ಲಿ ತಂಪೇ ಇರಬಹುದು. ಆದರೆ ಯಾರ ಇಚ್ಛೆಯಿಂದ ಬರಿಮೈ ಎಂಬುದು ನಿರ್ಣಾಯಕ.

ಗಾಂಧೀಜಿಯವರ ಉಡುಗೆಯನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದರ ಸೂಕ್ಷ್ಮ ತಿಳಿಯುತ್ತದೆ. 1917ರಲ್ಲಿ ಚಂಪಾರಣ್ಯದಲ್ಲಿದ್ದಾಗ ತಮ್ಮ ದೇಶೀ ಉಡುಪನ್ನು ಟೀಕಿಸಿದ ಬಿಳಿಯ ಪ್ಲಾಂಟರ್ ಒಬ್ಬನಿಗೆ ಪತ್ರಿಕೆಯ ಮೂಲಕ ಉತ್ತರಿಸುತ್ತ, ಭಾರತೀಯ ಉಡುಪು ಸರಳ, ಕಲಾತ್ಮಕ, ಅಗ್ಗ ಮತ್ತು ಆರೋಗ್ಯಕರ ಎಂದೂ, ಹುಸಿ ಪ್ರತಿಷ್ಠೆ ಅಡ್ಡ ಬರದಿದ್ದರೆ ಇಲ್ಲಿನ ಇಂಗ್ಲಿಷರು ಎಂದೋ ಅದನ್ನು ಸ್ವೀಕರಿಸುತ್ತಿದ್ದರೆಂದೂ ಅವರು ವಾದಿಸಿದ್ದರು. ಹಿತ ಮತ್ತು ಅಂದ ಎರಡೂ ಆ ವಾದದಲ್ಲಿ ಜೊತೆಯಾಗಿದ್ದವು. 1921ರ ಸೆಪ್ಟೆಂಬರ್ 22ರಂದು ಮದುರೆಯಲ್ಲಿ ಅಂಗಿ ಟೋಪಿಗಳನ್ನು ಬಿಟ್ಟು ತುಂಡು ಪಂಚೆಗೆ ಇಳಿದಾಗ ಕಾರಣ ಬೇರೆಯಾಗಿತ್ತು: ವಿದೇಶಿ ಬಟ್ಟೆ ಬಿಟ್ಟ ಬಡವನಿಗೆ ಮೈ ತುಂಬ ಖಾದಿ ಕೊಳ್ಳುವ ಶಕ್ತಿಯಿಲ್ಲದಿರುವಾಗ, ಕಡಿಮೆ ಉಟ್ಟು ನಡೆಸು ಎಂದು ಅವನಿಗೆ ಹೇಳುವ ಮೊದಲು ತಾವು ಹಾಗೆ ನಡೆಯಬೇಕೆಂದು ಅವರಿಗೆ ಅನ್ನಿಸಿತು. ಆ ಅಕ್ಟೋಬರ್ ಕೊನೆಯವರೆಗೆಂದು ಹಿಡಿದ ವ್ರತ ಬಾಳಿನ ಕೊನೆಯವರೆಗೂ ಉಳಿಯಿತು. ಸಹೋದ್ಯೋಗಿಗಳು ಅಗತ್ಯವೆನಿಸದ ಹೊರತು ಅಂಗಿ ಟೋಪಿ ಬಿಡಬೇಕೆಂದು ತಾವು ನಿರೀಕ್ಷಿಸುವುದಿಲ್ಲವೆಂದು ಅವರು ಆ ವ್ರತವನ್ನು ಸಾರಿದ ಹೇಳಿಕೆಯಲ್ಲೇ ಸೇರಿಸಿದ್ದರು ಎಂಬುದನ್ನು ಅವರ ಅನುಯಾಯಿಗಳೇ ಹಲವು ಸಲ ಮರೆತಿದ್ದಾರೆ. ಹಿಮರಾತ್ರಿಯಲ್ಲಿ ಕುಳಿತ ಬುದ್ಧನ, ತಾವು ಬೆತ್ತಲಿದ್ದೂ ಉಟ್ಟವರಿಗೆ ಮುಕ್ತಿಯನ್ನು ನಿರಾಕರಿಸದ ಯಾಪನೀಯರ ವಿವೇಕವೇ ಇಲ್ಲಿಯೂ ಕೆಲಸ ಮಾಡಿದೆ.

ಇಂದಿನ ಕರ್ನಾಟಕದಲ್ಲಿ ಬೇಸಿಗೆಯ ಉಡುಗೆಯ ಸಮಸ್ಯೆ ಮುನಿಗಳದ್ದೂ ಅಲ್ಲ, ಬಯಸಿದ್ದನ್ನು ಕೊಂಡು ಉಡಬಲ್ಲವರದ್ದೂ ಅಲ್ಲ. ಕಲಬುರಗಿಯಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿದ ದಿನ ಆರತಕ್ಷತೆಗೆಂದು ಉಣ್ಣೆಯ ಸೂಟು ತೊಟ್ಟು ನಿಲ್ಲುವ ಮದುಮಗನಾಗಲಿ, ಪಟ್ಟೆಮಡಿಯುಟ್ಟು ಹೋಮಕುಂಡದ ಮುಂದೆ ಬೆವರುವ ಉಪನಯನದ ಮನೆಯ ಯಜಮಾನನಾಗಲಿ ತಮ್ಮ ಕಷ್ಟವನ್ನು ತಾವೇ ಆರಿಸಿಕೊಂಡವರು, ಅವರ ಬಗ್ಗೆ ಧರ್ಮಚಿಂತನೆ ಮುಗುಳ್ನಕ್ಕು ಮುಂದೆ ಹೋಗಬಹುದು. ಆದರೆ ಇನ್ನೊಬ್ಬರು ಬರೆದ ನಿಯಮದಂತೆ ಉಡಬೇಕಾದವರ ಸಂಖ್ಯೆ ದೊಡ್ಡದು. ಎ.ಟಿ.ಎಂ. ಮುಂದೆ ಪಾಲಿಯೆಸ್ಟರ್ ಸಮವಸ್ತ್ರದಲ್ಲಿ ನಿಲ್ಲುವ ಕಾವಲುಗಾರ, ಟೈ ಬಿಗಿದು ಬೂಟು ತೊಟ್ಟು ಬಸ್ಸಿಗೆ ಕಾಯುವ ಶಾಲೆಯ ಮಗು, ಕತ್ತಿನವರೆಗೆ ಗುಂಡಿ ಹಾಕಿದ ಕೋಟಿನಲ್ಲಿ ಬಾಗಿಲು ತೆರೆಯುವ ಹೋಟೆಲಿನ ಆಳು, ಇವರ ಮೈಯ ಮೇಲಿನ ಬಟ್ಟೆಯಲ್ಲಿ ಅವರ ವೈರಾಗ್ಯವೂ ಇಲ್ಲ, ಅವರ ಶೃಂಗಾರವೂ ಇಲ್ಲ. ಅದು ಸಂಸ್ಥೆಯ ಶೃಂಗಾರ, ಅದರ ಸೆಕೆ ಮಾತ್ರ ಅವರದು. ಸೆಕೆಯ ಬಗ್ಗೆ ಬಾಯಿಬಿಡದ ಮೂರ್ತಿಗೆ ಮಲ್‌ಮಲ್ ಉಡಿಸಿ ಲಾವಂಚದ ತಟ್ಟಿ ಕಟ್ಟುವ ಸಮಾಜವೇ ಬೆವರಿ ಬಸವಳಿಯುವ ಮನುಷ್ಯನಿಗೆ ಪಾಲಿಯೆಸ್ಟರ್ ಹೊಲಿಸಿ ಕೊಡುತ್ತದೆಂಬುದು ತತ್ಸುಖದ ತತ್ತ್ವ ಗುಡಿಯ ಹೊಸ್ತಿಲು ದಾಟಿ ಹೊರಬಂದಿಲ್ಲವೆಂಬುದನ್ನು ತೋರಿಸುತ್ತದೆ.

ನಿಯಮಗಳು ಬದಲಾಗಲಾರವೆಂಬ ಮಾತಿಗೆ ಆಧಾರವಿಲ್ಲ. 2010ರ ಏಪ್ರಿಲ್‌ನಲ್ಲಿ ಭೋಪಾಲದ ಅರಣ್ಯ ನಿರ್ವಹಣಾ ಸಂಸ್ಥೆಯ ಘಟಿಕೋತ್ಸವದ ವೇದಿಕೆಯಲ್ಲಿಯೇ ಅಂದಿನ ಕೇಂದ್ರ ಸಚಿವ ಜೈರಾಮ್ ರಮೇಶ್ ತೊಟ್ಟ ಗೌನನ್ನು ಕಳಚಿ ಅದನ್ನು ವಸಾಹತುಶಾಹಿಯ ಅವಶೇಷವೆಂದು ಕರೆದರು. ಆ ಬಳಿಕ ದೇಶದ ಹಲವು ವಿಶ್ವವಿದ್ಯಾಲಯಗಳು ಗೌನಿನ ಬದಲಿಗೆ ಕೈಮಗ್ಗದ ಉಡುಗೆಗೆ ಬಂದವು. 2024ರ ಬೇಸಿಗೆಯಲ್ಲಿ ಕರ್ನಾಟಕ ಹೈಕೋರ್ಟ್ ವಿಚಾರಣಾ ನ್ಯಾಯಾಲಯಗಳ ವಕೀಲರಿಗೆ ಮೇ ಕೊನೆಯವರೆಗೆ ಕಪ್ಪು ಕೋಟಿನಿಂದ ವಿನಾಯಿತಿ ಕೊಟ್ಟಿತು, ಮತ್ತು ಅದರಿಂದ ನ್ಯಾಯದ ಘನತೆಗೆ ಕುಂದು ಬಂದಿತೆಂದು ಯಾರೂ ಹೇಳಲಿಲ್ಲ. ಅರ್ಜಿ ಬರೆದು ವಿನಾಯಿತಿ ಕೇಳುವಷ್ಟು ಬಲ ವಕೀಲರಿಗಿತ್ತು. ಕಾವಲುಗಾರನಿಗೂ ಮಗುವಿಗೂ ಅಷ್ಟು ಬಲವಿಲ್ಲ. ಆದುದರಿಂದ ಸಮವಸ್ತ್ರದ ನಿಯಮ ಬರೆಯುವ ಶಾಲೆಗಳ ಆಡಳಿತ ಮಂಡಳಿಗಳೂ, ಅನೇಕ ಶಾಲಾ ಕಾಲೇಜುಗಳನ್ನು ನಡೆಸುವ ಮಠಗಳೂ, ಭದ್ರತಾ ಸಿಬ್ಬಂದಿಯನ್ನು ಒದಗಿಸುವ ಕಂಪನಿಗಳೂ ಫೆಬ್ರುವರಿಯಿಂದ ಜೂನ್‌ವರೆಗಿನ ತಿಂಗಳುಗಳಿಗೆ ಸಡಿಲವಾದ ಹತ್ತಿಯ, ಚೆಂದವಾಗಿ ಹೊಲಿದ, ಟೈಯಿಲ್ಲದ ಬೇರೊಂದು ಉಡುಪನ್ನು ಗೊತ್ತುಮಾಡಲಿ, ಮತ್ತು ಅದರ ಖರ್ಚನ್ನು ತೊಡುವವರ ಮೇಲೆ ಹೊರಿಸದಿರಲಿ.